ಓಟು ಒಬ್ಬರಿಗೆ ಹೆಚ್ಚು, ಸೀಟು ಇನ್ನೊಬ್ಬರಿಗೆ ಹೆಚ್ಚು: ಯಾವ ದೇಶದ ಲೆಕ್ಕ ಹೇಗೆ?

ಪ್ರಶ್ನೆ: 2018ರಾಗ ನಮ್ಮ ರಾಜ್ಯದಾಗ ಕಾಂಗ್ರೆಸ್ಸಿಗೆ ಓಟು ಜಾಸ್ತಿ ಬಿದ್ವು, ಸೀಟು ಮಾತ್ರ ಬಿಜೆಪಿಗೆ ಜಾಸ್ತಿ ಬಂದ್ವು. ಕಡೀಕ ಮುಖ್ಯಮಂತ್ರಿ ಆದಾವ್ರು ಮೂರನೇ ಪಕ್ಷದಾವ್ರು. ಇದು ಹೆಂಗ ಜನರ ತೀರ್ಪು ಅಕ್ಕೈತ್ರಿ? ಓಟಿಗೆ ತಕ್ಕಂಗ ಸೀಟು ಕೊಡೋ ದೇಶ ಅದಾವೇನು? ಅಮೆರಿಕದಂಗ ಜನರ ನೇರವಾಗಿ ಮುಖ್ಯಮಂತ್ರೀನ ಆರಿಸಿದ್ರ ಈ ತಂಟೇನ ಇರಂಗಿಲ್ಲಲ್ಲ? ಇನ್ನೊಂದು ಮಾತು: ಪದವೀಧರ ಕ್ಷೇತ್ರದ ಚುನಾವಣ್ಯಾಗ 2, 3 ಅಂತ ಬರದ್ರ ನಾವು 1 ಕೊಟ್ಟಾವ್ರಿಗೇ ಪೆಟ್ಟು ಬೀಳತೈತಿ ಅಂತಾರ. ಖರೇನ? (ಗದಗ ಜಿಲ್ಲೆಯ ಒಬ್ಬ ಓದುಗರು)

ಉತ್ತರ:

ನಿಮ್ಮ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಲೆಕ್ಕಗಳು ಕೂಡಿಕೊಂಡಿವೆ. ಮತ ಸೀಟಾಗುವುದು ಒಂದು ಲೆಕ್ಕ, ಸೀಟಿನಿಂದ ನಾಯಕ ಆಗುವುದು ಇನ್ನೊಂದು. 2018ರಲ್ಲಿ ಎರಡರಲ್ಲೂ ತಿರುವು ಬಂದದ್ದರಿಂದ ಎಲ್ಲ ಒಂದೇ ಗೊಂದಲದಂತೆ ಕಂಡಿತು. ಬಿಡಿಸಿ ನೋಡೋಣ.

ಮೊದಲು ನಮ್ಮ ಅಂಕಿಗಳು. 2018ರ ಮೇ ತಿಂಗಳಲ್ಲಿ ರಾಜ್ಯದ 224ರ ಪೈಕಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ಸೀಟು. ಮತಪ್ರಮಾಣ ಕಾಂಗ್ರೆಸ್ಸಿನದು ಶೇ. 38ರಷ್ಟು, ಬಿಜೆಪಿಯದು ಶೇ. 36 ಚಿಲ್ಲರೆ, ಜೆಡಿಎಸ್‌ನದು ಶೇ. 18. ಇದು ಅದೇ ಮೊದಲ ಸಲ ಆದದ್ದಲ್ಲ. 2004ರಲ್ಲೂ 2008ರಲ್ಲೂ ಹೆಚ್ಚು ಮತ ಕಾಂಗ್ರೆಸ್ಸಿಗೆ, ಹೆಚ್ಚು ಸೀಟು ಬಿಜೆಪಿಗೆ. ಕಾಂಗ್ರೆಸ್ಸಿನ ನಾಲ್ಕು ಚುನಾವಣೆಗಳನ್ನು ಸಾಲಾಗಿ ಇಟ್ಟು ನೋಡಿ: 2004ರಲ್ಲಿ ಶೇ. 35 ಮತಕ್ಕೆ 65 ಸೀಟು, 2008ರಲ್ಲಿ ಹೆಚ್ಚುಕಡಿಮೆ ಅಷ್ಟೇ ಮತಕ್ಕೆ 80, 2013ರಲ್ಲಿ ಶೇ. 36.6ಕ್ಕೆ 122, 2018ರಲ್ಲಿ ಶೇ. 38ಕ್ಕೆ 78. ಮತ ಏರಿತು, ಸೀಟು ಇಳಿಯಿತು. ಬಿಜೆಪಿಗೂ ಇದೇ ಪಾಠ ಆಗಿದೆ. 2018ರಲ್ಲಿ ಶೇ. 36ರಷ್ಟು ಮತಕ್ಕೆ 104 ಸೀಟು ಬಂದಿತ್ತು, 2023ರಲ್ಲೂ ಮತ ಶೇ. 36ರಲ್ಲೇ ನಿಂತಿತ್ತು, ಸೀಟು ಮಾತ್ರ 66ಕ್ಕೆ ಕುಸಿಯಿತು.

ಕಾರಣ ಇಷ್ಟೇ: ನಮ್ಮಲ್ಲಿ ಒಂದು ಚುನಾವಣೆ ನಡೆಯುವುದಿಲ್ಲ, 224 ಚುನಾವಣೆ ನಡೆಯುತ್ತವೆ. ಪ್ರತಿಯೊಂದರಲ್ಲೂ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆದ್ದರು. ಸೋತವರಿಗೆ ಬಿದ್ದ ಮತವೂ, ಗೆದ್ದವರಿಗೆ ಅಗತ್ಯ ಮೀರಿ ಬಿದ್ದ ಮತವೂ ಸೀಟಿನ ಲೆಕ್ಕಕ್ಕೆ ಸೇರುವುದಿಲ್ಲ. ಯಾವ ಪಕ್ಷದ ಮತ ಎಲ್ಲಿ ಹೀಗೆ ವ್ಯರ್ಥವಾಯಿತು ಎನ್ನುವುದರ ಮೇಲೆ ಫಲಿತಾಂಶ ನಿಲ್ಲುತ್ತದೆ. 2018ರಲ್ಲಿ ಹಳೇ ಮೈಸೂರು ಭಾಗದಲ್ಲಿ ಕಾಂಗ್ರೆಸ್ ಬಹಳ ಕಡೆ ಜೆಡಿಎಸ್ ಎದುರು ಎರಡನೇ ಸ್ಥಾನಕ್ಕೆ ನಿಂತಿತು. ಮತ ಬುಟ್ಟಿ ತುಂಬ ಬಂತು, ಸೀಟು ಬರಲಿಲ್ಲ. ಅದೇ ಭಾಗದಲ್ಲಿ ಬಿಜೆಪಿ ಅನೇಕ ಕ್ಷೇತ್ರಗಳಲ್ಲಿ ದೂರದ ಮೂರನೇ ಸ್ಥಾನದಲ್ಲಿತ್ತು. ಹಾಗಾಗಿ ಅಲ್ಲಿ ಅದು ಕಳೆದುಕೊಂಡ ಮತವೂ ಕಡಿಮೆ. ಇರುವ ಮತ ಕರಾವಳಿಯಲ್ಲಿ, ನಮ್ಮ ಆಗಿನ ಮುಂಬೈ ಕರ್ನಾಟಕದಲ್ಲಿ (ಈಗ ಕಿತ್ತೂರು ಕರ್ನಾಟಕ), ಮಧ್ಯ ಕರ್ನಾಟಕದಲ್ಲಿ ಗುಂಪುಗೂಡಿತ್ತು.

ನಮ್ಮ ಕಡೆಯ ಚಿತ್ರ ಇನ್ನೂ ಮಜಾ ಇದೆ. ಧಾರವಾಡದ 7, ಗದಗಿನ 4, ಹಾವೇರಿಯ 6, ಒಟ್ಟು 17 ಕ್ಷೇತ್ರಗಳಲ್ಲಿ ಆ ಸಲ ಬಿಜೆಪಿ 12, ಕಾಂಗ್ರೆಸ್ 4, ರಾಣೇಬೆನ್ನೂರಿನಲ್ಲಿ ಕೆಪಿಜೆಪಿ ಎಂಬ ಸಣ್ಣ ಪಕ್ಷ. ಕಾಂಗ್ರೆಸ್ ಗೆದ್ದ ನಾಲ್ಕರಲ್ಲಿ ಮೂರು ಕೂದಲೆಳೆಯ ಅಂತರದವು: ಹಿರೇಕೆರೂರು 555 ಮತ, ಕುಂದಗೋಳ 634, ಗದಗ 1,868. ಹಿರೇಕೆರೂರಿನಲ್ಲಿ ಗೆದ್ದವರಿಗೂ ಸೋತವರಿಗೂ 72 ಸಾವಿರದ ಆಸುಪಾಸು ಮತ ಬಿದ್ದಿದ್ದವು. ಮುನ್ನೂರು ಜನ ಈ ಕಡೆಯಿಂದ ಆ ಕಡೆಗೆ ವಾಲಿದ್ದರೆ ಸೀಟು ಬೇರೆಯವರದ್ದಾಗುತ್ತಿತ್ತು, ರಾಜ್ಯದ ಮತಪ್ರಮಾಣದಲ್ಲಿ ಮಾತ್ರ ಒಂದು ಗೆರೆಯೂ ಅಲುಗಾಡುತ್ತಿರಲಿಲ್ಲ.

ಮತ ಒಡೆಯುವುದು ಇನ್ನೊಂದು ಕಾರಣ. 2012ರ ಡಿಸೆಂಬರಿನಲ್ಲಿ ಹಾವೇರಿಯ ಸಮಾವೇಶದಲ್ಲಿ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಶುರುಮಾಡಿದರು. ಮರುವರ್ಷದ ಚುನಾವಣೆಯಲ್ಲಿ ಅದಕ್ಕೆ ಶೇ. 9.8 ಮತ ಬಂದವು, ಸೀಟು ಬರೀ 6. ಆದರೆ ಅದೇ ಒಡಕಿನಿಂದ ಬಿಜೆಪಿ 110ರಿಂದ 40ಕ್ಕೆ ಇಳಿಯಿತು, ಕಾಂಗ್ರೆಸ್ ಶೇ. 36.6 ಮತದಲ್ಲೇ ಸ್ಪಷ್ಟ ಬಹುಮತ ಪಡೆಯಿತು. ಬಂಡಾಯ ಅಭ್ಯರ್ಥಿಯೊಬ್ಬ ನಿಂತರೆ ಪಕ್ಷಗಳು ಅಷ್ಟು ಹೆದರುವುದು ಸುಮ್ಮನೆ ಅಲ್ಲ.

ದೇಶದ ಮಟ್ಟದಲ್ಲೂ ಹೀಗೇ. 2014ರ ಲೋಕಸಭೆ ಚುನಾವಣೆಯಲ್ಲಿ ಬಿಎಸ್‌ಪಿಗೆ ದೇಶದ ತುಂಬ ಶೇ. 4ಕ್ಕೂ ಹೆಚ್ಚು ಮತ, ಮತಗಳಿಕೆಯಲ್ಲಿ ಮೂರನೇ ಸ್ಥಾನ, ಸೀಟು ಸೊನ್ನೆ. ಅಣ್ಣಾ ಡಿಎಂಕೆಗೆ ಶೇ. 3.3 ಮತ, 37 ಸೀಟು, ಯಾಕೆಂದರೆ ಅದರ ಮತವೆಲ್ಲ ತಮಿಳುನಾಡಿನಲ್ಲೇ ಇತ್ತು. ಆ ಸಲ ಬಿಜೆಪಿ ಶೇ. 31 ಮತಕ್ಕೆ 282 ಸೀಟು ಗೆದ್ದಿತು, 2024ರಲ್ಲಿ ಶೇ. 36.6 ಮತಕ್ಕೆ 240. ಲೋಕಸಭೆಯ ಇತಿಹಾಸದಲ್ಲಿ ಯಾವ ಒಂದು ಪಕ್ಷವೂ ಅರ್ಧದಷ್ಟು ಮತ ಪಡೆದಿಲ್ಲ. 1984ರಲ್ಲಿ ಕಾಂಗ್ರೆಸ್ 400 ದಾಟಿದಾಗಲೂ ಮತ ಶೇ. 50ರ ಒಳಗೇ ಇತ್ತು.

ಈ ಪದ್ಧತಿ ನಮಗೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿ 1951ರಲ್ಲಿ ಹೆಚ್ಚು ಮತ ಲೇಬರ್ ಪಕ್ಷಕ್ಕೆ ಬಿದ್ದವು, ಸರ್ಕಾರ ಚರ್ಚಿಲ್ಲರ ಕನ್ಸರ್ವೇಟಿವ್ ಪಕ್ಷದ್ದಾಯಿತು. 1974ರ ಫೆಬ್ರವರಿಯಲ್ಲಿ ಅದೇ ತಿರುಗುಮುರುಗಾಯಿತು. 2024ರಲ್ಲಿ ಲೇಬರ್ ಶೇ. 34ಕ್ಕೂ ಕಡಿಮೆ ಮತದಲ್ಲಿ 650ರಲ್ಲಿ 411 ಸೀಟು ಗೆದ್ದಿತು. ಅದೇ ಚುನಾವಣೆಯಲ್ಲಿ ಶೇ. 14ರಷ್ಟು ಮತ ಪಡೆದ ರಿಫಾರ್ಮ್ ಪಕ್ಷಕ್ಕೆ 5 ಸೀಟು, ಶೇ. 12 ಪಡೆದ ಲಿಬರಲ್ ಡೆಮಾಕ್ರಾಟರಿಗೆ 72.

ಅಮೆರಿಕದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ, ನಿಮ್ಮ ಪ್ರಶ್ನೆಯಲ್ಲೂ ಇಣುಕಿದೆ. ಅಲ್ಲಿ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಜನ ಆರಿಸುವುದು 538 ಜನರ ಎಲೆಕ್ಟೋರಲ್ ಕಾಲೇಜನ್ನು. ಅದರಲ್ಲಿ 270 ಬಂದವರು ಅಧ್ಯಕ್ಷರು. ಪ್ರತಿ ರಾಜ್ಯಕ್ಕೆ ಕೆಳಮನೆಯಲ್ಲಿ ಎಷ್ಟು ಸದಸ್ಯರೋ ಅಷ್ಟು, ಜೊತೆಗೆ ಸೆನೆಟ್ಟಿನ ಇಬ್ಬರದು. ಹಾಗಾಗಿ ಕ್ಯಾಲಿಫೋರ್ನಿಯಾಕ್ಕೆ 54, ಪುಟ್ಟ ವಯೋಮಿಂಗ್‌ಗೂ 3. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಎಲ್ಲ ರಾಜ್ಯಗಳಲ್ಲೂ ಒಂದು ಮತ ಮುಂದಿದ್ದವರಿಗೆ ರಾಜ್ಯದ ಪೂರ್ತಿ ಪಾಲು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ದೇಶದಲ್ಲಿ ಸುಮಾರು 29 ಲಕ್ಷ ಮತ ಹೆಚ್ಚು ಬಿದ್ದಿದ್ದವು. ಆದರೆ ಕ್ಯಾಲಿಫೋರ್ನಿಯಾ ಒಂದರಲ್ಲೇ ಅವರ ಮುನ್ನಡೆ 40 ಲಕ್ಷ ದಾಟಿತ್ತು, ಆ ಹೆಚ್ಚುವರಿ ಮತಕ್ಕೆ ಬೆಲೆ ಇಲ್ಲ. ಟ್ರಂಪ್ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರದೊಳಗಿನ ಅಂತರದಲ್ಲಿ ಗೆದ್ದು ಅಧ್ಯಕ್ಷರಾದರು. 2000ದಲ್ಲಿ ಅಲ್ ಗೋರ್‌ಗೆ 5 ಲಕ್ಷಕ್ಕೂ ಹೆಚ್ಚು ಮತ ಹೆಚ್ಚಿದ್ದವು. ಫ್ಲೋರಿಡಾದ 537 ಮತಗಳು ಬುಷ್ ಅವರನ್ನು ಗೆಲ್ಲಿಸಿದವು. ನಮ್ಮ ಹಿರೇಕೆರೂರಿನ ಅಂತರಕ್ಕಿಂತ ಕಡಿಮೆ.

ಇನ್ನು ಓಟಿಗೆ ತಕ್ಕ ಸೀಟು ಕೊಡುವ ದೇಶಗಳು. ಇದಕ್ಕೆ ಪ್ರಮಾಣಾನುಗುಣ ಪ್ರಾತಿನಿಧ್ಯ ಎನ್ನುತ್ತಾರೆ. ಕ್ಷೇತ್ರ ದೊಡ್ಡದಾಗಿರುತ್ತದೆ, ಅದಕ್ಕೆ ಹಲವು ಸೀಟು. ಪಕ್ಷ ತನ್ನ ಅಭ್ಯರ್ಥಿಗಳ ಪಟ್ಟಿ ಕೊಡುತ್ತದೆ, ಜನ ಪಕ್ಷಕ್ಕೆ ಮತ ಹಾಕುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 2024ರಲ್ಲಿ ಎಎನ್‌ಸಿ ಪಕ್ಷಕ್ಕೆ ಶೇ. 40 ಮತ, 400ರಲ್ಲಿ 159 ಸೀಟು. ಇದಕ್ಕಿಂತ ನಿಕ್ಕಿ ಲೆಕ್ಕ ಸಿಗುವುದಿಲ್ಲ. ಆದರೆ ಸೀಟು ಹಂಚುವಾಗ ಒಂದು ತಕರಾರು ಬರುತ್ತದೆ. ಶೇ. 14 ಮತಕ್ಕೆ ನಾಲ್ಕು ಸೀಟಿನಲ್ಲಿ 0.56 ಸೀಟು ಎಂದು ಬಂದರೆ ಅರ್ಧ ಶಾಸಕನನ್ನು ಕೂರಿಸಲು ಬರುವುದಿಲ್ಲ. ಅದಕ್ಕೆ ಭಾಗಾಕಾರದ ವಿಧಾನಗಳಿವೆ. ಇದನ್ನು ಕೈಯಾರೆ ಮಾಡಿ ನೋಡಿದರೇ ಗುಟ್ಟು ತಿಳಿಯುತ್ತದೆ.

ಗದಗ ಜಿಲ್ಲೆಯ ನಾಲ್ಕು ಸೀಟನ್ನು ಒಂದೇ ಕ್ಷೇತ್ರ ಮಾಡಿದ್ದೇವೆ ಎಂದುಕೊಳ್ಳಿ. ಅ ಪಕ್ಷಕ್ಕೆ 2,30,000 ಮತ, ಬ ಪಕ್ಷಕ್ಕೆ 2,00,000, ಕ ಪಕ್ಷಕ್ಕೆ 70,000 (ಅಂಕಿ ಕಲ್ಪಿತ). ಸ್ಪೇನ್, ಪೋರ್ಚುಗಲ್ ಬಳಸುವ ಡಿ’ಹಾಂಟ್ ವಿಧಾನದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3, 4 ಹೀಗೆ ಭಾಗಿಸುತ್ತಾ ಹೋಗಬೇಕು. ಅ ಪಕ್ಷಕ್ಕೆ 2,30,000, 1,15,000, 76,667. ಬ ಪಕ್ಷಕ್ಕೆ 2,00,000, 1,00,000. ಕ ಪಕ್ಷಕ್ಕೆ 70,000. ಈ ಎಲ್ಲದರಲ್ಲಿ ದೊಡ್ಡ ನಾಲ್ಕು ಅಂಕಿ ಆರಿಸಿ: 2,30,000, 2,00,000, 1,15,000, 1,00,000. ಅ ಎರಡು, ಬ ಎರಡು, ಕ ಪಕ್ಷಕ್ಕೆ ಏನೂ ಇಲ್ಲ. ಈಗ ಜರ್ಮನಿ, ನ್ಯೂಜಿಲೆಂಡ್ ಬಳಸುವ ಸಾಂತ್-ಲಾಗ್ ವಿಧಾನ ಹಿಡಿಯಿರಿ. ಅಲ್ಲಿ 1, 3, 5, 7ರಿಂದ ಭಾಗಿಸಬೇಕು. ಅ: 2,30,000, 76,667, 46,000. ಬ: 2,00,000, 66,667. ಕ: 70,000. ದೊಡ್ಡ ನಾಲ್ಕು: 2,30,000, 2,00,000, 76,667, 70,000. ಅ ಎರಡು, ಬ ಒಂದು, ಕ ಒಂದು. ಮತ ಅದೇ, ಜನ ಅದೇ, ಭಾಜಕ ಬದಲಾದದ್ದಕ್ಕೆ ಬ ಪಕ್ಷದ ಒಂದು ಸೀಟು ಹೋಗಿ ಕ ಪಕ್ಷಕ್ಕೆ ಬಂತು. ಪ್ರಮಾಣಾನುಗುಣ ಎಂದ ಕೂಡಲೇ ನ್ಯಾಯ ತಾನಾಗಿ ಬರುತ್ತದೆ ಎಂದು ತಿಳಿದವರಿಗೆ ನಾನು ಯಾವಾಗಲೂ ಈ ಲೆಕ್ಕ ಮಾಡಿಸುತ್ತೇನೆ.

ಎರಡನೇ ಕೀಲಿ ಕನಿಷ್ಠ ಮಿತಿ. ಇಷ್ಟು ಶೇಕಡಾ ಮತ ಬರದಿದ್ದರೆ ಸೀಟೇ ಇಲ್ಲ ಎನ್ನುವ ನಿಯಮ. ಇಸ್ರೇಲಿನಲ್ಲಿ ಶೇ. 3.25, ನೇಪಾಳದ ಪಟ್ಟಿ ಸೀಟುಗಳಿಗೆ ಶೇ. 3, ಜರ್ಮನಿ ಮತ್ತು ನ್ಯೂಜಿಲೆಂಡಿನಲ್ಲಿ ಶೇ. 5. ಮಿತಿ ಎತ್ತರವಾದಷ್ಟೂ ವ್ಯರ್ಥ ಮತ ಹೆಚ್ಚು. ಟರ್ಕಿಯಲ್ಲಿ 2002ರಲ್ಲಿ ಮಿತಿ ಶೇ. 10 ಇತ್ತು. ಎರಡೇ ಪಕ್ಷ ಅದನ್ನು ದಾಟಿದವು, ಎಕೆಪಿ ಶೇ. 34 ಮತಕ್ಕೆ 550ರಲ್ಲಿ 363 ಸೀಟು ಹೊಡೆಯಿತು. ಚಲಾವಣೆಯಾದ ಮತಗಳಲ್ಲಿ ಹತ್ತಿರಹತ್ತಿರ ಅರ್ಧ ಮತಕ್ಕೆ ಒಂದು ಸೀಟೂ ಇಲ್ಲ. ಹೆಸರಿಗೆ ಪ್ರಮಾಣಾನುಗುಣ, ಫಲ ನಮ್ಮ ಪದ್ಧತಿಗಿಂತ ಕಡೆ. ಜರ್ಮನಿಯಲ್ಲಿ 2025ರ ಫೆಬ್ರವರಿಯಲ್ಲಿ ಬಿಎಸ್‌ಡಬ್ಲ್ಯೂ ಎಂಬ ಹೊಸ ಪಕ್ಷಕ್ಕೆ ಶೇ. 4.98 ಮತ. 24 ಲಕ್ಷಕ್ಕೂ ಹೆಚ್ಚು ಮತದಾರರು ಬೆಂಬಲಿಸಿದ ಪಕ್ಷ ಹತ್ತು ಸಾವಿರಕ್ಕೂ ಕಡಿಮೆ ಮತದ ಕೊರತೆಯಿಂದ ಹೊರಗುಳಿಯಿತು.

ಜರ್ಮನಿಯ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಸುಧಾರಣೆಯ ಮಾತು ಬಂದಾಗಲೆಲ್ಲ ಅದರ ಹೆಸರೇ ಬರುತ್ತದೆ. ಒಂದೇ ಮತಪತ್ರದಲ್ಲಿ ಎರಡು ಮತ. ಮೊದಲನೆಯದು ಊರಿನ ಅಭ್ಯರ್ಥಿಗೆ, ನಮ್ಮ ಹಾಗೆಯೇ 299 ಕ್ಷೇತ್ರ. ಎರಡನೆಯದು ಪಕ್ಷಕ್ಕೆ, ಸಂಸತ್ತಿನ ಒಟ್ಟು ಬಲ ನಿರ್ಧಾರವಾಗುವುದು ಈ ಎರಡನೇ ಮತದಿಂದ. ಪಕ್ಷಕ್ಕೆ ನೂರು ಸೀಟಿನ ಹಕ್ಕು ಬಂದು ಅರವತ್ತು ಕ್ಷೇತ್ರ ಗೆದ್ದಿದ್ದರೆ ಉಳಿದ ನಲವತ್ತು ಪಟ್ಟಿಯಿಂದ ತುಂಬುತ್ತಾರೆ. ಹಕ್ಕಿಗಿಂತ ಹೆಚ್ಚು ಕ್ಷೇತ್ರ ಗೆದ್ದರೆ? ಮೊದಲೆಲ್ಲ ಸದನವನ್ನೇ ಹಿಗ್ಗಿಸುತ್ತಿದ್ದರು, ಅದು 700 ದಾಟಿತ್ತು. 2025ರಿಂದ 630ಕ್ಕೆ ಕಟ್ಟಿಹಾಕಿದ್ದಾರೆ. ಅದರ ಪರಿಣಾಮ ನೋಡಿ: ತಮ್ಮ ಕ್ಷೇತ್ರದಲ್ಲಿ ಮೊದಲ ಸ್ಥಾನ ಬಂದ 23 ಜನರಿಗೆ ಸೀಟು ಸಿಗಲಿಲ್ಲ. ಗೆದ್ದ ಮೇಲೂ ಶಾಸಕ ಆಗಲಿಲ್ಲ ಎಂದರೆ ನಮ್ಮ ಹುಬ್ಬಳ್ಳಿಯಲ್ಲಿ ರಸ್ತೆತಡೆ ಆಗದೆ ಬಿಡುತ್ತದೆಯೇ?

ನ್ಯೂಜಿಲೆಂಡಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯೂ ಬ್ರಿಟಿಷ್ ಪದ್ಧತಿಯೇ ಇತ್ತು. 1978 ಮತ್ತು 1981ರಲ್ಲಿ ಎರಡು ಸಲ ಒಂದಾದ ಮೇಲೊಂದು ಲೇಬರ್‌ಗೆ ಮತ ಹೆಚ್ಚು, ನ್ಯಾಷನಲ್ ಪಕ್ಷಕ್ಕೆ ಸೀಟು ಹೆಚ್ಚು ಬಂದವು. 1981ರಲ್ಲಿ ಮೂರನೇ ಪಕ್ಷವೊಂದಕ್ಕೆ ಶೇ. 20 ಮತ ಬಂದರೂ ಸೀಟು ಎರಡೇ. ಜನ ರೇಗಿದರು, 1993ರ ಜನಮತಗಣನೆಯಲ್ಲಿ ಪದ್ಧತಿಯನ್ನೇ ಬದಲಿಸಿ 1996ರಿಂದ ಜರ್ಮನಿಯಂಥ ಎರಡು ಮತದ ವ್ಯವಸ್ಥೆಗೆ ಹೋದರು. ನಮ್ಮಲ್ಲಿ ಮೂರು ಸಲ ಹಾಗೆ ಆಗಿದೆ, ಅಂಥ ದೊಡ್ಡ ಚಳವಳಿ ಆಗಿಲ್ಲ.

ಹಾಗಾದರೆ ಕರ್ನಾಟಕದಲ್ಲಿ ಆ ಪದ್ಧತಿ ಇದ್ದಿದ್ದರೆ? ಶೇ. 5ರ ಮಿತಿ ಇಟ್ಟು 2018ರ ಮತವನ್ನು 224 ಸೀಟಿಗೆ ಹಂಚಿದರೆ ಕಾಂಗ್ರೆಸ್ ಸುಮಾರು 92, ಬಿಜೆಪಿ 88, ಜೆಡಿಎಸ್ 44 ಬರುತ್ತದೆ. ಅಂದರೆ ಮೊದಲ ಎರಡು ಸ್ಥಾನ ಅದಲುಬದಲಾಗುತ್ತಿತ್ತು, ಆದರೆ 113 ಯಾರಿಗೂ ಬರುತ್ತಿರಲಿಲ್ಲ, ಕೀಲಿಕೈ ಆಗಲೂ ಜೆಡಿಎಸ್ ಕೈಯಲ್ಲೇ. ನಿಮಗೆ ಬೇಸರ ತಂದ ‘ಮೂರನೇ ಪಕ್ಷದ ಮುಖ್ಯಮಂತ್ರಿ’ ಆಗಲೂ ಆಗಬಹುದಿತ್ತು. 2023ಕ್ಕೆ ಇದೇ ಲೆಕ್ಕ ಹಾಕಿದರೆ ಕಾಂಗ್ರೆಸ್ 104, ಬಿಜೆಪಿ 88, ಜೆಡಿಎಸ್ 32. ನಿಜವಾಗಿ ಬಂದದ್ದು 135, 66, 19. ಆ ಸಲವೂ ಅತಂತ್ರವೇ ಆಗುತ್ತಿತ್ತು. ಒಂದು ಎಚ್ಚರಿಕೆ: ಪದ್ಧತಿ ಬದಲಾದರೆ ಜನ ಮತ ಹಾಕುವ ರೀತಿಯೂ, ಪಕ್ಷಗಳು ಒಡೆಯುವ ರೀತಿಯೂ ಬದಲಾಗುತ್ತದೆ. ಹಳೆ ಮತವನ್ನು ಹೊಸ ಸೂತ್ರಕ್ಕೆ ಹಾಕಿ ಬಂದ ಉತ್ತರ ಅಂದಾಜಷ್ಟೇ.

ಈಗ ಎರಡನೇ ಲೆಕ್ಕ, ಸೀಟಿನಿಂದ ನಾಯಕ. ಸಂಸದೀಯ ಪದ್ಧತಿಯಲ್ಲಿ ‘ಅತಿ ದೊಡ್ಡ ಪಕ್ಷ’ ಎನ್ನುವುದಕ್ಕೆ ಕಾನೂನಿನ ಹಕ್ಕು ಏನೂ ಇಲ್ಲ. ಸದನದ ವಿಶ್ವಾಸ ಯಾರಿಗಿದೆ ಎಂಬುದೊಂದೇ ಪ್ರಶ್ನೆ. ಈ ತತ್ವವನ್ನು ದೇಶಕ್ಕೇ ಗಟ್ಟಿಮಾಡಿಕೊಟ್ಟ ತೀರ್ಪಿನ ಹೆಸರು ನಮ್ಮ ಕಡೆಯವರದ್ದು. ಹುಬ್ಬಳ್ಳಿ ಗ್ರಾಮೀಣದಿಂದ ಆರಿಸಿ ಬಂದಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರು. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ಅಲ್ಲ, ಸದನದಲ್ಲಿ ತೀರ್ಮಾನವಾಗಬೇಕು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. 2018ರ ಮೇ 17ರಂದು ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪನವರು 19ರಂದು ಬಲಾಬಲ ಪರೀಕ್ಷೆಗೆ ಮುಂಚೆ ರಾಜೀನಾಮೆ ಕೊಟ್ಟು, 23ರಂದು ಕುಮಾರಸ್ವಾಮಿಯವರು ಬಂದದ್ದು ಇದೇ ದಾರಿಯಲ್ಲಿ. ನ್ಯೂಜಿಲೆಂಡಿನಲ್ಲಿ 2017ರಲ್ಲಿ ನ್ಯಾಷನಲ್ ಪಕ್ಷಕ್ಕೆ ಶೇ. 44 ಮತ, 56 ಸೀಟು ಇದ್ದೂ, 46 ಸೀಟಿನ ಲೇಬರ್ ನಾಯಕಿ ಜೆಸಿಂಡಾ ಆರ್ಡರ್ನ್ ಪ್ರಧಾನಿಯಾದರು. ಅಲ್ಲಿ ಯಾರೂ ಇದನ್ನು ಮೋಸ ಅನ್ನಲಿಲ್ಲ ಎಂದಲ್ಲ, ಅಂದವರಿದ್ದರು. ನಿಯಮ ಮಾತ್ರ ಅದೇ.

ನಾಯಕ ನಡುವೆ ಬದಲಾಗುವುದಕ್ಕೂ ಚುನಾವಣೆ ಬೇಕಿಲ್ಲ. 2021ರ ಜುಲೈನಲ್ಲಿ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದಾಗ ಜನ ಮತ ಹಾಕಿರಲಿಲ್ಲ; ಬ್ರಿಟನ್ನಿನಲ್ಲಿ 2022ರ ಒಂದೇ ವರ್ಷದಲ್ಲಿ ಹೀಗೆ ಎರಡು ಸಲ ಪ್ರಧಾನಿ ಬದಲಾದರು. ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲೂ ಇದೇ ಮಾದರಿ. 2021ರಲ್ಲಿ 82 ವಾರ್ಡಿನಲ್ಲಿ ಬಿಜೆಪಿ 39, ಕಾಂಗ್ರೆಸ್ 33. ಯಾರಿಗೂ ಅರ್ಧ ದಾಟಿಲ್ಲ. ಆದರೆ ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತ ಇರುವುದರಿಂದ ಬಿಜೆಪಿಗೆ ದಾರಿ ಸುಗಮವಾಯಿತು. ವಾರ್ಡಿನ ಲೆಕ್ಕ ಮಾತ್ರ ನೋಡಿದವರಿಗೆ ಇದು ಅರ್ಥವಾಗುವುದಿಲ್ಲ.

ಸರ್ಕಾರ ಬೀಳಿಸುವ ವಿಷಯದಲ್ಲಿ ಜರ್ಮನಿಯ ಒಂದು ನಿಯಮ ಬಹಳ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಚಾನ್ಸಲರ್ (ನಮ್ಮ ಪ್ರಧಾನಿ ಇದ್ದಂತೆ) ವಿರುದ್ಧ ಬರೀ ಅವಿಶ್ವಾಸ ಹಾಕಲಾಗದು. ಅದೇ ಗೊತ್ತುವಳಿಯಲ್ಲಿ ಮುಂದಿನ ಚಾನ್ಸಲರ್ ಯಾರೆಂದು ಹೆಸರಿಸಿ, ಅವರಿಗೆ ಬಹುಮತ ತೋರಿಸಬೇಕು. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಹೀಗೆ. ಕೆಡವಲು ಮಾತ್ರ ಒಂದಾಗುವ ಗುಂಪಿಗೆ ಇದು ಕಡಿವಾಣ. ಇಲ್ಲದಿದ್ದರೆ ಪ್ರಮಾಣಾನುಗುಣ ಪದ್ಧತಿಯ ದೊಡ್ಡ ರೋಗ ಇಲ್ಲೇ: ಬೆಲ್ಜಿಯಂ 2010-11ರಲ್ಲಿ 541 ದಿನ ಪೂರ್ಣ ಸರ್ಕಾರವಿಲ್ಲದೆ ಕಳೆಯಿತು, ಇಸ್ರೇಲ್ 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಐದು ಚುನಾವಣೆ ಮಾಡಿತು.

ಮುಖ್ಯಮಂತ್ರಿಯನ್ನು ನೇರವಾಗಿ ಆರಿಸುವುದರ ಬಗ್ಗೆ ಕೇಳಿದಿರಿ. ಸಂಸದೀಯ ಪದ್ಧತಿಯೊಳಗೇ ಇದನ್ನು ಪ್ರಯೋಗಿಸಿದ ದೇಶವೂ ಇಸ್ರೇಲೇ. 1996ರಿಂದ ಪ್ರಧಾನಿಗೆ ಒಂದು ಮತ, ಪಕ್ಷಕ್ಕೆ ಇನ್ನೊಂದು. ಪ್ರಧಾನಿ ಗಟ್ಟಿಯಾಗುತ್ತಾರೆ, ಸಣ್ಣ ಪಕ್ಷಗಳ ಹಿಡಿತ ಸಡಿಲವಾಗುತ್ತದೆ ಎಂಬ ನಿರೀಕ್ಷೆ. ಆದದ್ದು ಉಲ್ಟಾ. ಜನ ಪ್ರಧಾನಿಯ ಮತವನ್ನು ದೊಡ್ಡ ಪಕ್ಷದವರಿಗೆ ಹಾಕಿ, ಎರಡನೇ ಮತವನ್ನು ನಿಶ್ಚಿಂತೆಯಿಂದ ತಮ್ಮ ತಮ್ಮ ಸಮುದಾಯದ ಪಕ್ಷಕ್ಕೆ ಹಾಕಿದರು. 1992ರಲ್ಲಿ ಎರಡು ದೊಡ್ಡ ಪಕ್ಷಗಳಿಗೆ 120ರಲ್ಲಿ 76 ಸೀಟು ಇದ್ದದ್ದು 1999ಕ್ಕೆ 45ಕ್ಕೆ ಇಳಿಯಿತು. ನೇರವಾಗಿ ಗೆದ್ದ ಪ್ರಧಾನಿಗೆ ಸದನದಲ್ಲಿ ಬಲವಿಲ್ಲ. 2001ರಲ್ಲೇ ಆ ಕಾನೂನು ರದ್ದಾಯಿತು. ಕರ್ನಾಟಕದಲ್ಲಿ ಹಾಗೆ ಮಾಡಿದರೆ ಶಾಸಕರ ಮತ ಜಾತಿ, ಜಿಲ್ಲೆಗೆ ಇನ್ನಷ್ಟು ಹಂಚಿಹೋಗುವುದು ಖಚಿತ. ಅದಲ್ಲದೆ ಬೆಂಗಳೂರಿನ ಮತಸಂಖ್ಯೆಯ ಮುಂದೆ ಗದಗ, ಹಾವೇರಿಗೆ ಪ್ರಚಾರಕ್ಕೆ ಬರುವವರಾದರೂ ಯಾರು? ಇದಕ್ಕೆ ನೈಜೀರಿಯಾ ಒಂದು ಉಪಾಯ ಮಾಡಿದೆ: ಅಧ್ಯಕ್ಷರಾಗಲು ಹೆಚ್ಚು ಮತ ಸಾಲದು, ಮೂರರಲ್ಲಿ ಎರಡು ಪಾಲು ರಾಜ್ಯಗಳಲ್ಲಿ ತಲಾ ಶೇ. 25 ಮತವಾದರೂ ಬರಬೇಕು.

ನೇರ ಆಯ್ಕೆಗೆ ಒಂದೇ ಸುತ್ತು ಇಟ್ಟರೆ ಶೇ. 30 ಮತದವರೂ ಗೆಲ್ಲಬಹುದು ಎಂದು ಫ್ರಾನ್ಸ್ ಎರಡು ಸುತ್ತು ಮಾಡುತ್ತದೆ. ಮೊದಲ ಸುತ್ತಿನಲ್ಲಿ ಅರ್ಧ ದಾಟದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಂದು ಮತದಾನ. 2002ರಲ್ಲಿ ಹದಿನಾರು ಅಭ್ಯರ್ಥಿಗಳಿದ್ದು, ಎಡಪಂಥದ ಮತ ಚೂರುಚೂರಾಗಿ, ಪ್ರಧಾನಿಯಾಗಿದ್ದ ಜೋಸ್ಪ್ಯಾಂ ಶೇ. 16.2ರಲ್ಲಿ ಮೂರನೆಯವರಾದರು, ಶೇ. 16.9ರ ಕಟ್ಟಾ ಬಲಪಂಥದ ಲೆ ಪೆನ್ ಎರಡನೇ ಸುತ್ತಿಗೆ ಹೋಗಿ ಆಗಿನ ಅಧ್ಯಕ್ಷ ಶಿರಾಕ್ ಎದುರು ಭಾರಿ ಅಂತರದಲ್ಲಿ ಸೋತರು. ಶ್ರೀಲಂಕಾ ಎರಡನೇ ಮತದಾನದ ಖರ್ಚು ಉಳಿಸಿ ಮತಪತ್ರದಲ್ಲೇ ಮೆಚ್ಚಿನ ಕ್ರಮದಲ್ಲಿ, ಅಂದರೆ ಪ್ರಾಶಸ್ತ್ಯದ ಪ್ರಕಾರ, 1, 2, 3 ಬರೆಸುತ್ತದೆ. 2024ರಲ್ಲಿ ಮೊದಲ ಬಾರಿಗೆ ಎರಡನೇ ಪ್ರಾಶಸ್ತ್ಯದ ಎಣಿಕೆ ಬೇಕಾಯಿತು. ಮೊದಲ ಎಣಿಕೆಯಲ್ಲಿ ಶೇ. 42ರಷ್ಟು ಪಡೆದ ದಿಸಾನಾಯಕೆ ಅದರಲ್ಲಿ ಗೆದ್ದರು. ಐರ್ಲೆಂಡಿನಲ್ಲಿ 1990ರಲ್ಲಿ ಮೊದಲ ಎಣಿಕೆಯಲ್ಲಿ ಶೇ. 44 ಪಡೆದ ಲೆನಿಹನ್ ಮುಂದಿದ್ದರು, ಮೂರನೆಯವರ ಮತ ವರ್ಗವಾದ ಮೇಲೆ ಶೇ. 39ರ ಮೇರಿ ರಾಬಿನ್ಸನ್ ಅಧ್ಯಕ್ಷೆಯಾದರು.

ಈ ಪ್ರಾಶಸ್ತ್ಯ ಮತ ನಮಗೆ ಪರದೇಶಿ ಅಲ್ಲ. ನಮ್ಮ ರಾಷ್ಟ್ರಪತಿಯ ಆಯ್ಕೆ ಹೀಗೇ. ಅದರಲ್ಲಿ ಶಾಸಕರ, ಸಂಸದರ ಒಂದೊಂದು ಮತಕ್ಕೂ ಇಷ್ಟು ಅಂಕಿ ಎಂಬ ಬೆಲೆ ಇರುತ್ತದೆ, ಕರ್ನಾಟಕದ ಒಬ್ಬ ಶಾಸಕರ ಮತದ ಬೆಲೆ 131. 1969ರಲ್ಲಿ ಗೆಲ್ಲಲು 4,18,169 ಬೇಕಿತ್ತು, ವಿ.ವಿ. ಗಿರಿಯವರಿಗೆ ಮೊದಲ ಎಣಿಕೆಯಲ್ಲಿ 4,01,515 ಬಂದು, ಪ್ರಾಶಸ್ತ್ಯ ಮತ ವರ್ಗವಾದ ಮೇಲೆ 4,20,077ಕ್ಕೆ ಮುಟ್ಟಿ ಗೆದ್ದರು. ರಾಜ್ಯಸಭೆಗೆ ನಾಲ್ಕು ಸ್ಥಾನ ಖಾಲಿಯಾದಾಗ ‘ಒಬ್ಬರಿಗೆ 45 ಮತ ಬೇಕು’ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದೂ ಇದೇ ಸೂತ್ರ. 224 ಮತವನ್ನು ಸ್ಥಾನಕ್ಕಿಂತ ಒಂದು ಹೆಚ್ಚು, ಅಂದರೆ 5ರಿಂದ ಭಾಗಿಸಿದರೆ 44.8.

ಸಂವಿಧಾನ ಸಭೆಯಲ್ಲಿ 1949ರ ಜನವರಿಯಲ್ಲಿ ಲೋಕಸಭೆಗೂ ಪ್ರಮಾಣಾನುಗುಣ ಪದ್ಧತಿ ಬೇಕೆಂಬ ತಿದ್ದುಪಡಿ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಅದಕ್ಕೆ ದೊಡ್ಡ ಪ್ರಮಾಣದ ಅಕ್ಷರಜ್ಞಾನ ಬೇಕು, ಸದನ ಚೂರಾದರೆ ಸರ್ಕಾರ ನಿಲ್ಲುವುದಿಲ್ಲ ಎಂಬ ಎರಡು ಕಾರಣ ಕೊಟ್ಟರು. ಎರಡನೇ ಕಾರಣಕ್ಕೆ ಇಂದಿಗೂ ತೂಕವಿದೆ. ಮೊದಲನೆಯದು ಕರಗುತ್ತ ಬಂದಿದೆ. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಈಗಿನ ಕ್ಷೇತ್ರಗಳನ್ನು ಹಾಗೇ ಇಟ್ಟು ಶೇ. 25ರಷ್ಟು ಹೆಚ್ಚುವರಿ ಸ್ಥಾನವನ್ನು ಪಟ್ಟಿಯಿಂದ ತುಂಬುವ ಸಲಹೆ ಕೊಟ್ಟಿತ್ತು, ಅದು ಹಾಗೇ ಕುಳಿತಿದೆ. ನನ್ನನ್ನು ಕೇಳಿದರೆ ಪಕ್ಷದ ಹೈಕಮಾಂಡ್ ಬರೆದ ಪಟ್ಟಿಗಿಂತ, ಈಗಿನ ಕ್ಷೇತ್ರದಲ್ಲೇ ಪ್ರಾಶಸ್ತ್ಯ ಮತ ತರುವುದು ಮೊದಲು ಇಡಬಹುದಾದ ಹೆಜ್ಜೆ. ಅದರಿಂದ ಮತ-ಸೀಟಿನ ಅಂತರ ಪೂರ್ತಿ ಮುಚ್ಚುವುದಿಲ್ಲ, ಆ ಪದ್ಧತಿ ಇರುವ ಆಸ್ಟ್ರೇಲಿಯಾದಲ್ಲೂ ಮುಚ್ಚಿಲ್ಲ. ಆದರೆ ಮತ ಒಡೆದು ಶೇ. 30ರವರು ಗೆಲ್ಲುವುದು ಕಡಿಮೆಯಾಗುತ್ತದೆ.

ಕೊನೆಗೆ ನಿಮ್ಮ ಪದವೀಧರ ಕ್ಷೇತ್ರ, ಅಂದರೆ ಪದವೀಧರರು ಮಾತ್ರ ಮತ ಹಾಕಿ ವಿಧಾನ ಪರಿಷತ್ ಸದಸ್ಯರನ್ನು ಆರಿಸುವ ಕ್ಷೇತ್ರ. ಕರ್ನಾಟಕ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳಿವೆ, ಸ್ಥಾನ ಒಂದೇ. 2, 3 ಬರೆದರೆ 1 ಕೊಟ್ಟವರಿಗೆ ಪೆಟ್ಟು ಎಂಬುದು ಸುಳ್ಳು. ನಿಮ್ಮ 1ನೇ ಅಭ್ಯರ್ಥಿ ಕಣದಲ್ಲಿರುವವರೆಗೆ ನಿಮ್ಮ 2ನ್ನು ಯಾರೂ ನೋಡುವುದೇ ಇಲ್ಲ. ಎಣಿಕೆ ಹೀಗೆ: ಸಿಂಧು ಮತ 50,000 ಎಂದರೆ ಅರ್ಧಕ್ಕೆ ಒಂದು ಕೂಡಿಸಿ 25,001 ಗೆಲುವಿನ ಸಂಖ್ಯೆ. ಮೊದಲ ಪ್ರಾಶಸ್ತ್ಯದಲ್ಲಿ ಅ 20,000, ಬ 17,000, ಕ 9,000, ಡ 4,000 ಎಂದಿಟ್ಟುಕೊಳ್ಳಿ. ಕಡಿಮೆ ಇರುವ ಡ ಹೊರಗೆ. ಅವರ ಕಟ್ಟಿನಲ್ಲಿ 2 ಎಂದು ಅ ಮತ್ತು ಬ ಇಬ್ಬರಿಗೂ 1,500, ಕ ಅವರಿಗೆ 500, ಉಳಿದ 500ರಲ್ಲಿ ಬರೀ 1. ಈಗ ಅ 21,500, ಬ 18,500, ಕ 9,500. ಕ ಹೊರಗೆ: ಅ ಅವರಿಗೆ 2,000, ಬ ಅವರಿಗೆ 5,500, ಮುಂದಿನ ಪ್ರಾಶಸ್ತ್ಯ ಇಲ್ಲದವು 2,000. ಅ 23,500, ಬ 24,000. ಇಬ್ಬರೂ 25,001 ಮುಟ್ಟಿಲ್ಲ. ಕಡಿಮೆ ಇರುವ ಅ ಹೊರಗೆ ಹೋಗಿ ಉಳಿದ ಬ ಗೆಲ್ಲುತ್ತಾರೆ. ಅಂತರ 500. ಬರೀ 1 ಬರೆದು ಬಂದ ಕ, ಡ ಬೆಂಬಲಿಗರ 2,500 ಮತ ಆ ಹೊತ್ತಿಗೆ ಮೇಜಿನ ಬದಿಯಲ್ಲಿ ಕಟ್ಟಿಟ್ಟಿರುತ್ತವೆ. ‘ಒಂದೇ ಬರೀರಿ’ ಎಂದು ಕಾರ್ಯಕರ್ತರು ಹೇಳುವುದು ತಮ್ಮ ಅಭ್ಯರ್ಥಿಯ ರಕ್ಷಣೆಗಲ್ಲ, ಎದುರಾಳಿಗೆ ಮತ ಹರಿಯದಿರಲಿ ಎಂದು. ನಿಮಗೆ ಅದರಿಂದ ಲಾಭವಿಲ್ಲ.

ಮತ ತಿರಸ್ಕೃತವಾಗುವುದು ಬೇರೆ ಕಾರಣಗಳಿಗೆ: 1 ಬರೆಯದೇ 2, 3 ಮಾತ್ರ ಬರೆಯುವುದು, ಇಬ್ಬರ ಮುಂದೆ 1 ಬರೆಯುವುದು, ಒಬ್ಬರ ಮುಂದೆಯೇ 1ರ ಜೊತೆ ಇನ್ನೊಂದು ಅಂಕಿ ಬರೆಯುವುದು, ಟಿಕ್ ಅಥವಾ ಗುಣಾಕಾರ ಚಿಹ್ನೆ ಹಾಕುವುದು, ಸಹಿ ಮಾಡುವುದು. ಪದವೀಧರರೇ ಈ ತಪ್ಪು ಮಾಡುತ್ತಾರೆ ಎಂಬುದು ಸ್ವಲ್ಪ ನಾಚಿಕೆಯ ವಿಷಯ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನನ್ನೇ ಬಳಸಬೇಕು, ಜೇಬಿನ ಪೆನ್ನು ನಡೆಯದು. ‘ಒಂದು’ ಎಂದು ಅಕ್ಷರದಲ್ಲಿ ಬರೆಯಬಾರದು. ಅಂಕಿ ಕನ್ನಡದ್ದಾದರೂ ನಡೆಯುತ್ತದೆ. ಇನ್ನು ಈ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಅರ್ಹತಾ ದಿನವಾದ ನವೆಂಬರ್ 1ಕ್ಕೆ ಪದವಿ ಮುಗಿದು ಮೂರು ವರ್ಷವಾಗಿರಬೇಕು. ಹಿಂದಿನ ಸಲ ಹೆಸರು ಇದ್ದರೂ ನಮೂನೆ 18ನ್ನು ಮತ್ತೆ ತುಂಬಿ, ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಯೊಂದಿಗೆ ಕೊಡಬೇಕು. ಶಿಕ್ಷಕರ ಕ್ಷೇತ್ರಕ್ಕಾದರೆ ನಮೂನೆ 19.